ದಾಸವಾಳ ಕುಡಿದ ನೀರು

ಹೋದ ವಾರ ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು. ಎಂದಿನಂತೆ ನಿಂತದ್ದು ನಿಂತೇ ಇತ್ತು. ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹೊಸ ಬಟ್ಟೆಯ ಗಂಜಿಗೆ ಕಾದ ಇಸ್ತ್ರಿ ತಾಕಿದಾಗ ಏಳುವ ಹಬೆ, ಅದರ ಜೊತೆಗೆ ಒಂದಿಷ್ಟು ಮಿಷನ್ ಎಣ್ಣೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮದುವೆಮನೆಯ ಸಾರಿನ ವಾಸನೆ ಸಿಕ್ಕವಳಂತೆ ಉದ್ದಕ್ಕೆ ಉಸಿರೆಳೆದುಕೊಂಡೆ. ಆ ಹುಡುಗಿ ನನ್ನನ್ನು ಒಂದು ಥರಾ ನೋಡಿದಳು. ನೋಡಲಿ ಬಿಡಿ. ಆ ವಾಸನೆಯಲ್ಲಿ ನನ್ನ ಒಂದು ಇಡೀ ಬೇಸಿಗೆ ಇದೆ ಎಂದು ಅವಳಿಗೇನು ಗೊತ್ತು?

ಹೊಸೂರು ರಸ್ತೆಯ ನೆತ್ತಿಯ ಮೇಲೆ ಇನ್ನೊಂದು ರಸ್ತೆ ಏಳುತ್ತಿದ್ದ ಕಾಲ ಅದು. ಕೆಳಗೆ ಧೂಳು, ಮೇಲೆ ಕಬ್ಬಿಣ, ನಡುವೆ ನಾವು. ಆಗ ನನಗೆ ನಲವತ್ತೆರಡು. ಹದಿನೈದು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದು, ಆಮೇಲೆ ಹೆಬ್ಬಗೋಡಿ ಹತ್ತಿರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ನರ್ಸಿಂಗಿನಲ್ಲೇ ಪಿಎಚ್‌ಡಿ ಮಾಡುತ್ತೇನೆಂದು ಹೆಸರು ನೋಂದಾಯಿಸಿ ವರ್ಷಗಳೇ ಆಗಿದ್ದವು. ಎರಡು ಸಲ ಅವಧಿ ಮುಂದೂಡಿಸಿಕೊಂಡಾಗಿತ್ತು. ಮೂರನೆಯದು ಸಿಗುವುದಿಲ್ಲ, ಜೂನ್ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು ಎಂದು ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು.

“ಎಲ್ಲರೂ ಡಾಕ್ಟರಾಗಿ ನರ್ಸುಗಳಿಗೆ ಆರ್ಡರ್ ಮಾಡ್ತಾರೆ. ನೀನು ನರ್ಸಾಗೇ ಇದ್ಕೊಂಡು ಡಾಕ್ಟರ್ ಆಗ್ತೀನಿ ಅಂತೀಯಲ್ಲೇ ಗಿರಿಜಾ” ಎಂದು ನನ್ನ ಯಜಮಾನರು ರೇಗಿಸುತ್ತಿದ್ದರು. ಅವರು ಪೀಣ್ಯದ ಒಂದು ಲೇತ್ ಶಾಪಿನಲ್ಲಿ ಫೋರ್‌ಮನ್. ದಿನಾ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವವರು. ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯನಿಗೆ ಇರಬೇಕಾದ ತಾಳ್ಮೆ ಅವರಿಗಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಆದರೆ ಅವರ ಆ ಮಾತಿಗೆ ನನ್ನಲ್ಲಿ ಉತ್ತರವಿತ್ತು. ವಾರ್ಡಿನಲ್ಲಿ ರೋಗಿಯ ಪಕ್ಕ ದಿನವಿಡೀ ಇರುವವಳು ನಾನು. ಐದು ನಿಮಿಷ ಬಂದು ಹೋಗುವ ಡಾಕ್ಟರ ಮುಂದೆ “ಹೀಗೆ ಮಾಡಿದರೆ ಹೇಗೆ ಸಾರ್” ಎನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಕಣ್ಣಿಗೆ ಕಂಡದ್ದಿತ್ತು, ಕೈಯಲ್ಲಿ ಪುರಾವೆ ಇರಲಿಲ್ಲ. ನನ್ನ ಗೈಡ್ ವಸುಂಧರಾ ಮೇಡಂ ಮೊದಲ ದಿನವೇ ಹೇಳಿದ್ದರು: “ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕ್ಕೊಳ್ಳೋಕೆ ಈ ಓದಲ್ಲಮ್ಮ. ಪೇಷೆಂಟ್ ಎದುರಿಗೆ ನಿಂತು, ‘ಇದನ್ನ ಹೀಗೆ ಮಾಡ್ತೀನಿ, ಯಾಕಂದ್ರೆ ಇದು’ ಅಂತ ಹೇಳೋ ಧೈರ್ಯ ಬರ್ಲಿ ಅಂತ.” ಆ ‘ಯಾಕಂದ್ರೆ’ಗಾಗಿ ನಾನು ಅಷ್ಟು ವರ್ಷ ಒದ್ದಾಡಿದ್ದು.

ನನ್ನ ವಿಷಯ ನೀರು. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ವಾರಕ್ಕೊಮ್ಮೆ ಆರೋಗ್ಯ ತಪಾಸಣೆಗೆ ಹೋಗುತ್ತಿದ್ದೆ. ಬರುವ ಹೆಂಗಸರಲ್ಲಿ ಹೆಚ್ಚಿನವರದು ಒಂದೇ ದೂರು. ಉರಿಮೂತ್ರ, ಕಿಬ್ಬೊಟ್ಟೆ ನೋವು, ಆಗಾಗ ಜ್ವರ. ಬೆಳಗ್ಗೆಯಿಂದ ಸಂಜೆಯವರೆಗೆ ಮಿಷನ್ ಮುಂದೆ ಕೂತು ಎರಡು ಗುಟುಕು ನೀರೂ ಕುಡಿಯದವರು ಅವರು. ಚೆನ್ನಾಗಿ ಪಾಠ ಹೇಳಿದರೆ ನೀರು ಕುಡಿಯುತ್ತಾರೆ, ಕುಡಿದರೆ ಕಾಯಿಲೆ ಇಳಿಯುತ್ತದೆ ಎಂದು ತೋರಿಸುವುದು ನನ್ನ ಪ್ರಬಂಧದ ಗುರಿ. ಮಿಷನ್‌ಗಳ ಒಂದೊಂದು ಸಾಲಿಗೂ ಅಲ್ಲಿ ಲೈನು ಎನ್ನುತ್ತಾರೆ. ನಾಲ್ಕನೇ ಲೈನಿನ ಹೆಂಗಸರಿಗೆ ಚಿತ್ರಪಟ ಹಿಡಿದು ಪಾಠ. ಏಳನೇ ಲೈನಿನವರಿಗೆ ಪಾಠವಿಲ್ಲ, ಹೋಲಿಸಿ ನೋಡಲು ಮಾತ್ರ. ಎರಡೂ ಲೈನಿನ ಒಬ್ಬೊಬ್ಬರಿಗೂ ಒಂದು ಬಾಟಲಿ, ಒಂದು ಕಾರ್ಡು. ಬಾಟಲಿಯ ಮೇಲೆ ಹಸಿರು ಟೇಪಿನ ನಾಲ್ಕು ಗೆರೆ. ನೀರು ಒಂದು ಗೆರೆ ಇಳಿದರೆ ಕಾರ್ಡಿನಲ್ಲಿ ಒಂದು ಸೊನ್ನೆಗೆ ಬಣ್ಣ ತುಂಬಬೇಕು. ಆ ಟೇಪುಗಳನ್ನು ಅಂಟಿಸಿದ್ದು ನಾವು ಗಂಡ ಹೆಂಡತಿ ಊಟದ ಮೇಜಿನ ಮೇಲೆ ಕೂತು, ಎರಡು ಭಾನುವಾರ. ಫೋರ್‌ಮನ್ ಸಾಹೇಬರು ಒಂದೊಂದು ಗೆರೆಯನ್ನೂ ಸ್ಕೇಲಿನಿಂದ ಅಳೆದು, ನಾನು ಅಂಟಿಸಿದ್ದನ್ನೆಲ್ಲ ಕಿತ್ತು ಮತ್ತೆ ಅಂಟಿಸಿದರು.

ಶಿವರಾತ್ರಿ ಕಳೆದ ಮೇಲೆ ಕೆಲಸ ಶುರುವಾಯಿತು. ಊಟದ ಬಿಡುವಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ: “ನೋಡ್ರಮ್ಮ, ಇದು ನನ್ನ ಓದು. ನೀವು ಸಹಾಯ ಮಾಡಿದ್ರೇನೇ ನಾನು ಮುಂದಕ್ಕೆ ಹೋಗೋದು.” ಆ ಎರಡು ವಾಕ್ಯ ನನ್ನ ಕುತ್ತಿಗೆಗೇ ಬರುತ್ತದೆಂದು ಆಗ ಗೊತ್ತಾಗಲಿಲ್ಲ.

ನಾಲ್ಕನೇ ಲೈನಿನಲ್ಲಿ ರೇಣುಕವ್ವ ಇದ್ದಳು. ಕೊಪ್ಪಳದ ಕಡೆಯವಳು, ಹನ್ನೊಂದು ವರ್ಷದಿಂದ ಅಂಗಿಗೆ ಕಾಲರು ಕೂರಿಸುವ ಕೆಲಸ, ಗಂಡ ಕಟ್ಟಡದ ಕೆಲಸದಲ್ಲಿ. ತಪಾಸಣೆಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದಳು. ಜ್ವರ ಬಂದಾಗಲೂ ಜೋಕು ಹೊಡೆಯುವ ಹೆಂಗಸು. “ಈ ವಯಸ್ಸಿನಾಗ ಪರೀಕ್ಷಾ ಬರಿಯಾಕ ಹತ್ತೀರಲ್ರೀ ಸಿಸ್ಟರ್, ನಿಮಗ ಗಂಡನ ಮನ್ಯಾಗ ಯಾರೂ ಬೈಯೂದಿಲ್ಲೇನು?” ಎಂದು ಕೇಳಿದಳು. “ಬೈತಾರೆ, ಅದಕ್ಕೇ ಬೇಗ ಪಾಸ್ ಆಗ್ಬೇಕು” ಎಂದು ನಾನೂ ನಕ್ಕೆ. ನೋಡಿ, ಬಾಯಿ ಸುಮ್ಮನಿರಬೇಕಲ್ಲ!

ಯುಗಾದಿಯ ಹೊತ್ತಿಗೆ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಎಂಥ ಫಲಿತಾಂಶ ಅಂತೀರಿ! ಸಂಜೆ ಗೇಟಿನ ಬುಟ್ಟಿಗೆ ಬಂದ ಬಾಟಲಿಗಳೆಲ್ಲ ಖಾಲಿ. ಕಾರ್ಡುಗಳಲ್ಲಿ ಒಂದು ಸೊನ್ನೆಯೂ ಬಿಳಿಯಾಗಿ ಉಳಿದಿರಲಿಲ್ಲ. ನಾನು ಎಂಥ ಪಾಠ ಹೇಳಿದೆನಪ್ಪಾ ಎಂದು ನನಗೇ ನನ್ನ ಮೇಲೆ ಪ್ರೀತಿ ಉಕ್ಕಿತು. ಗೇಟಿನ ಹತ್ತಿರ, ಶೀಟಿನ ಸೂರಿನಡಿ, ಮಳೆ ನೀರೂ ತಾಕದ ಮೂಲೆಯಲ್ಲಿ ಒಂದು ದಾಸವಾಳದ ಗಿಡವಿತ್ತು. ಮಾಘದಲ್ಲಿ ಒಣ ಕಡ್ಡಿಯಾಗಿದ್ದದ್ದು ಈಗ ದಟ್ಟವಾಗಿ ಚಿಗುರಿ ತಟ್ಟೆಯಗಲ ಹೂ ಬಿಟ್ಟಿತ್ತು. “ನಾನಂತೂ ಒಂದ್ ಚೊಂಬು ನೀರ್ ಆಕಿಲ್ಲ ಮೇಡಂ, ಎಂಗ್ ಚಿಗುರೈತೆ ನೋಡಿ. ದೇವ್ರ ದಯೆ” ಎಂದು ಹಗಲಿನ ವಾಚ್‌ಮನ್ ಮುನಿಯಪ್ಪ ನಾನು ಹೋದಾಗಲೆಲ್ಲ ಒಂದು ಹೂ ಕಿತ್ತುಕೊಡುತ್ತಿದ್ದ. ನಾನು ಅದನ್ನು ಮುಡಿದುಕೊಂಡು ಮನೆಗೆ ಹೋಗುತ್ತಿದ್ದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಎಲ್ಲ ಕಾರ್ಡುಗಳನ್ನೂ ಒಟ್ಟುಗೂಡಿಸಿದ ಭಾನುವಾರ ಲೆಕ್ಕವನ್ನು ಎರಡೆರಡು ಸಲ ಮಾಡಿದೆ. ಪಾಠವನ್ನೇ ಕೇಳದ ಏಳನೇ ಲೈನು, ಪಾಠ ಕೇಳಿದ ನಾಲ್ಕನೇ ಲೈನಿಗಿಂತ ಒಂದು ಗುಟುಕೂ ಕಡಿಮೆ ಕುಡಿದಿರಲಿಲ್ಲ! ಯಜಮಾನರು ಎದ್ದು ಬಂದು ಕನ್ನಡಕ ಏರಿಸಿ ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ನಿಧಾನಕ್ಕೆ ಹೇಳಿದರು: “ನಮ್ಮ ಶಾಪಲ್ಲಿ ಪೀಸ್ ಎಲ್ಲಾ ಕೂದಲೆಳೆ ವ್ಯತ್ಯಾಸ ಇಲ್ದೆ ಒಂದೇ ಅಳತೆ ಬಂದ್ರೆ ನಾವು ಖುಷಿ ಪಡಲ್ಲ ಕಣೇ. ಪೀಸ್ ಬಿಟ್ಟು ಗೇಜ್ ನೋಡ್ತೀವಿ. ಅಳತೆ ಮಾಡೋ ಸಾಮಾನೇ ಕೆಟ್ಟಿರತ್ತೆ.”

“ನನ್ನ ಬಾಟ್ಲಿಗೆ ಏನಾಗಿದೆ? ಗೆರೆ ಅಳೆದಿದ್ದು ನೀವೇ ತಾನೆ?” ಎಂದು ಹಾರಿಬಿದ್ದೆ. ಅವರು ಚಹಾ ಕುಡಿಯಲು ಹೋದರು.

ಮಾರನೇ ದಿನ ಮೊದಲ ಬಾರಿಗೆ ಪಾಳಿ ಬಿಡುವ ಹೊತ್ತಿಗೆ, ಯಾರಿಗೂ ಹೇಳದೆ ಗೇಟಿಗೆ ಹೋದೆ. ಮುನಿಯಪ್ಪ ಪಾಳಿ ಮುಗಿಸಿ ಆಗಲೇ ಹೋಗಿದ್ದ. ಗಂಟೆ ಹೊಡೆಯಿತು. ಹೆಂಗಸರು ಸಾಲಾಗಿ ಹೊರಬಂದರು. ಬಂದವರು ಒಬ್ಬೊಬ್ಬರಾಗಿ ದಾಸವಾಳದ ಬುಡಕ್ಕೆ ಬಗ್ಗಿ, ಹಸಿರು ಗೆರೆಯ ಬಾಟಲಿಯ ಮುಚ್ಚಳ ತೆಗೆದು, ತುಂಬಿದ ನೀರನ್ನು ಗಳಗಳನೆ ಸುರಿದು, ಖಾಲಿ ಬಾಟಲಿಯನ್ನು ಬುಟ್ಟಿಗೆ ಹಾಕಿ ಹೊರಟರು. ನಾಲ್ಕನೇ ಲೈನೂ ಅಷ್ಟೇ, ಏಳನೇ ಲೈನೂ ಅಷ್ಟೇ. ದೇವರ ದಯೆ!

ರೇಣುಕವ್ವನನ್ನು ತಡೆದು ನಿಲ್ಲಿಸಿದೆ. ನನ್ನ ದನಿ ಇಡೀ ಹೊಸೂರು ರಸ್ತೆಗೆ ಕೇಳಿಸಿರಬೇಕು. ಅವಳು ಒಂದಿಷ್ಟೂ ಹೆದರಲಿಲ್ಲ. ಬದಲಿಗೆ ನನ್ನ ದಡ್ಡತನಕ್ಕೆ ಮರುಗಿದಂತೆ ಹೇಳಿದಳು: “ಸಿಟ್ಟಾಗಬ್ಯಾಡ್ರೀ ಸಿಸ್ಟರ್. ನೀವು ನಾಪಾಸ ಆಗಬಾರ್ದು ಅಂತ ಮಾಡಿದ್ವಿ. ಒಂದ್ ಗೆರಿ ಇಳದ್ರ ಒಂದ್ ಮಾರ್ಕ್ಸ್ ಅಲ್ರೀ? ಕಡಿಮಿ ಬರದ್ರ ಪಾಪ ನಿಮಗ ಕಡಿಮಿ ಬರ್ತಾವ. ನಾವೇನ್ ಅಷ್ಟು ಕರುಳ ಇಲ್ಲದವ್ರೇನು?”

ಏಳನೇ ಲೈನಿನ ಜಯಮ್ಮ, ಕನಕಪುರದ ಕಡೆಯವಳು, ನಡುವೆ ಬಾಯಿ ಹಾಕಿದಳು: “ನಾಕ್ನೇ ಲೈನೋರ್ ಮಾತ್ರ ಮಾರ್ಕ್ಸ್ ಕೊಟ್ರೆ ನಮ್ ಮಾನ ಏನಾಗ್ಬೇಕು ಮೇಡಂ? ಅದ್ಕೇ ನಾವೂ ಆಕುದ್ವಿ. ಜಾಸ್ತೀನೇ ಆಕುದ್ವಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನನ್ನು ಪಾಸು ಮಾಡಿಸಲು ಇಷ್ಟು ಜನ ಒಟ್ಟಾಗಿ ಸೇರಿ ನನ್ನ ಪಿಎಚ್‌ಡಿಯನ್ನು ದಾಸವಾಳದ ಬುಡಕ್ಕೆ ಹೊಯ್ದಿದ್ದರು. ವರ್ಷಗಟ್ಟಲೆ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಈಗ ಒಂದು ಸತ್ಯ ಹೇಳಿಬಿಡುತ್ತೇನೆ. ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಏಳನೇ ಲೈನಿನ ಕಾರ್ಡುಗಳಲ್ಲಿ ಏನೋ ಗೊಂದಲವಾಗಿದೆಯೆಂದು ಅವನ್ನು ಬದಿಗಿಟ್ಟು, ನಾಲ್ಕನೆಯದನ್ನಷ್ಟೇ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಗಿಡ ಬಂದು ಸಾಕ್ಷಿ ಹೇಳುತ್ತದೆಯೇ? ಜೂನ್ ಕಣ್ಣೆದುರಿಗೇ ಇತ್ತು. ಆದರೆ ಆ ಹೆಂಗಸರಲ್ಲಿ ಉರಿಮೂತ್ರದ ಚೀಟಿ ಹಿಡಿದು ಬರುವವರು ಒಬ್ಬರೂ ಕಡಿಮೆಯಾಗಿರಲಿಲ್ಲ. ಅವರು ನೀರು ಕುಡಿದು ಆರೋಗ್ಯವಾಗಿದ್ದಾರೆಂದು ನಾನು ಬರೆದರೆ ಇನ್ನು ಮುಂದೆ ಯಾರೂ ಅವರನ್ನು ಏನೆಂದೂ ಕೇಳುವುದಿಲ್ಲ. ಮೂರನೇ ದಿನ ವಸುಂಧರಾ ಮೇಡಂ ಮನೆಗೆ ಹೋಗಿ ದಾಸವಾಳದ ಕತೆಯನ್ನು ಮೊದಲಿನಿಂದ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕು ಮುಗಿಸಿ ಕೇಳಿದರು: “ಅವರು ಯಾಕೆ ಕುಡಿಯಲ್ಲ ಅಂತ ಕೇಳಿದ್ಯಾ?”

“ತಿಳಿವಳಿಕೆ ಇಲ್ಲ ಮೇಡಂ.”

“ಅದು ನೀನು ಅಂದ್ಕೊಂಡಿದ್ದು. ಕೇಳಿದ್ಯಾ ಅಂದೆ.”

ಕೇಳಿರಲಿಲ್ಲ. ಇಷ್ಟೊಂದು ಓದಿ, ಅಷ್ಟು ಬಾಟಲಿಗೆ ಟೇಪು ಅಂಟಿಸಿ, ಒಬ್ಬಳನ್ನೂ ಕೇಳಿರಲಿಲ್ಲ.

ಆ ವಾರ ಊಟದ ಬಿಡುವಿನಲ್ಲಿ ಚಿತ್ರಪಟ ಬಿಚ್ಚಲಿಲ್ಲ. ರೇಣುಕವ್ವನ ಬುತ್ತಿಯಲ್ಲಿ ಅರ್ಧ ರೊಟ್ಟಿ ಮುರಿದುಕೊಂಡು ಕೂತು ಕೇಳಿದೆ. ಅವಳು ಉತ್ತರ ಕೊಡುವ ಬದಲು ನನ್ನನ್ನೇ ಕೇಳಿದಳು: “ನೀವು ಹೆಬ್ಬಗೋಡಿಂದ ಬಸ್ಸಿನಾಗ ಬರೂ ಮುಂದ ಎಷ್ಟ ನೀರ ಕುಡೀತೀರಿ?”

“ಬಸ್ಸಲ್ಲಿ ಹೆಂಗೆ ಕುಡಿಯೋದು? ಟ್ರಾಫಿಕ್ಕಲ್ಲಿ ಸಿಕ್ಕೊಂಡ್ರೆ ಗಂಟೆಗಟ್ಟಲೆ...”

ಬಸ್ಸು ಹಾಗಿರಲಿ, ವಾರ್ಡಿನ ಹದಿನೈದು ವರ್ಷ ನಾನು ಪಾಳಿ ಮುಗಿಯುವವರೆಗೆ ಬಿಗಿಹಿಡಿದುಕೊಂಡೇ ಓಡಾಡಿದವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ರೇಣುಕವ್ವ ಮುಗುಳ್ನಕ್ಕು ಸೂಪರ್‌ವೈಸರನ ಮೇಜಿನ ಕಡೆ ಗದ್ದದಿಂದಲೇ ತೋರಿಸಿದಳು. ಅಲ್ಲಿ ಮೊಳೆಗೆ ದಾರ ಕಟ್ಟಿದ ಒಂದು ಹಳದಿ ಬಿಲ್ಲೆ ತೂಗುತ್ತಿತ್ತು.

ಇಡೀ ಲೈನಿಗೆ ಅದೊಂದೇ ಟೋಕನ್. ಶೌಚಾಲಯಕ್ಕೆ ಹೋಗುವವರು ಸೂಪರ್‌ವೈಸರ್ ಸಂತೋಷನ ಮುಂದೆ ನಿಂತು ಅದನ್ನು ಕೇಳಿ ತೆಗೆದುಕೊಂಡು, ಕುತ್ತಿಗೆಗೆ ಹಾಕಿಕೊಂಡು, ನಾಲ್ಕು ಲೈನು ದಾಟಿ ಹೋಗಬೇಕು. ಸಂತೋಷ ಕೆಟ್ಟವನಲ್ಲ. ಆದರೆ ಮದುವೆಯಾಗದ ಗಂಡಸು. “ಮಗನ ವಯಸ್ಸಿನಾಂವಗ ಎಲ್ಲಾರ ಮುಂದ ನಿಂತು ಹೆಂಗ ಕೇಳೂದ್ರೀ? ಹನ್ನೊಂದು ವರ್ಷದಾಗ ನಾ ಆ ಬಿಲ್ಲಿ ಮುಟ್ಟಿಲ್ಲ. ಮನಿಗೇ ಹೋಗ್ತೀನಿ” ಎಂದಳು. ಹನ್ನೊಂದು ವರ್ಷ! ಅವಳು ಇದನ್ನೂ ನಗುತ್ತಲೇ ಹೇಳಿದಳು.

ಮುಂದಿನ ಹತ್ತು ದಿನ ವಸುಂಧರಾ ಮೇಡಂ ಫೈಲು ಕಂಕುಳಲ್ಲಿಟ್ಟುಕೊಂಡು ವಿಶ್ವವಿದ್ಯಾಲಯದ ಸಮಿತಿಯವರ ಬೆನ್ನು ಬಿದ್ದು, ಪ್ರಶ್ನೆ ಬದಲಿಸಿಕೊಳ್ಳಲು ಒಪ್ಪಿಗೆ ತಂದರು. ನಾನು ಕಾರ್ಖಾನೆಯ ಮ್ಯಾನೇಜರರ ತಲೆ ತಿಂದೆ. ಮೂರು ಸಲ “ನೋಡೋಣ ಮೇಡಂ” ಎಂದರು. ನಾಲ್ಕನೇ ಸಲ, ಹಿಂದಿನ ವರ್ಷ ನಾಲ್ಕನೇ ಲೈನಿನಲ್ಲಿ ಜ್ವರಕ್ಕೆ ಹೋದ ರಜಗಳ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟು ಹೇಳಿದೆ: “ಸಾರ್, ಟೋಕನ್ ತೆಗೀಬೇಡಿ. ಎರಡು ಮಾಡಿ. ಮೇಜಿಂದ ಬಿಚ್ಚಿ ಹಿಂದಿನ ಬಾಗಿಲ ಹತ್ರ ಮೊಳೆಗೆ ಹಾಕಿ. ಯಾರನ್ನೂ ಕೇಳೋ ಹಾಗಿರಬಾರದು, ಅಷ್ಟೇ. ಯಾಕಂದ್ರೆ ಇದು.” ಪಟ್ಟಿಯ ಮೇಲೆ ಬೆರಳಿಟ್ಟೆ. ಹದಿನೈದು ವರ್ಷ ವಾರ್ಡಿನಲ್ಲಿ ಗಂಟಲಲ್ಲೇ ಉಳಿದಿದ್ದ ಮಾತು ಅದು. ಒಂದೂವರೆ ತಿಂಗಳಿಗೆ, ಒಂದೇ ಲೈನಿಗೆ ಎಂದು ಮ್ಯಾನೇಜರು ಒಪ್ಪಿದರು. ಏಳನೇ ಲೈನಿನ ಟೋಕನ್ನು ಅಲ್ಲಿಯವರೆಗೆ ಮೇಜಿನ ಮೇಲೇ ಇರಬೇಕು. ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಸಂತೋಷನೇ. “ನಂಗೂ ನಾಚಿಕೆ ಆಗೋದು ಮೇಡಂ. ಅಮ್ಮನ ವಯಸ್ಸೋರು ಕೈ ಚಾಚಿದ್ರೆ ಎಲ್ಲಿ ನೋಡ್ಬೇಕು ಅಂತಾನೇ ಗೊತ್ತಾಗ್ತಿರ್ಲಿಲ್ಲ” ಎಂದು ಮೊಳೆಯನ್ನು ತಾನೇ ಹೊಡೆದ.

ಇನ್ನು ಉಳಿದದ್ದು ಕಾರ್ಡು. ಈ ಸಲ ಎರಡೂ ಲೈನಿನವರ ಮುಂದೆ ಕೈಮುಗಿದೆ. “ಸೊನ್ನೆ ತುಂಬಿದ್ರೆ ಪಾಸು, ಬಿಟ್ರೆ ಫೇಲು ಅಂತ ಏನೂ ಇಲ್ಲ. ಕುಡಿದಷ್ಟೇ ಬರೀರಿ. ಒಂದ್ ಗುಟುಕೂ ಕುಡೀದಿದ್ರೆ ಹಾಗೇ ಬರೀರಿ. ಸುಳ್ಳು ಬರೆದ್ರೆ ಮಾತ್ರ ನಾನು ಫೇಲು.”

ಅವರಿಗೆ ನಂಬಿಕೆ ಬರಲಿಲ್ಲ. ಮೊದಲ ಸಂಜೆ ರೇಣುಕವ್ವ ಮುಕ್ಕಾಲು ತುಂಬಿದ ಬಾಟಲಿ, ಒಂದೇ ಸೊನ್ನೆ ತುಂಬಿದ ಕಾರ್ಡು ತಂದು ನನ್ನ ಕೈಗಿಟ್ಟು, ಮುಖವನ್ನೇ ದಿಟ್ಟಿಸುತ್ತಾ ನಿಂತಳು. ಹಿಂದೆ ಇಡೀ ಲೈನು ಕತ್ತು ಉದ್ದ ಮಾಡಿ ನೋಡುತ್ತಿತ್ತು. ನನ್ನ ಮುಖ ಸ್ವಲ್ಪ ಸಣ್ಣಗಾದರೂ ಸಾಕು, ನಾಳೆ ಎಲ್ಲ ನೀರೂ ದಾಸವಾಳಕ್ಕೇ. “ಭೇಷ್ ರೇಣುಕವ್ವ!” ಎಂದು ಹಲ್ಲೆಲ್ಲ ಕಾಣುವಂತೆ ನಕ್ಕೆ. ಅಷ್ಟು ಕೆಟ್ಟ ಅಂಕಿಗೆ ಅಷ್ಟು ದೊಡ್ಡ ನಗೆ ನಾನು ಜನ್ಮದಲ್ಲಿ ನಕ್ಕಿರಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಮೊದಲ ವಾರ ಹಿಂದಿನ ಬಾಗಿಲಿನ ಟೋಕನ್ನು ಧೂಳು ಹಿಡಿಯಿತು. ಎರಡನೇ ವಾರ ಇಬ್ಬರು ಮೂವರು ಅತ್ತಿತ್ತ ನೋಡಿ ತೆಗೆದುಕೊಂಡು ಹೋದರು. ವೈಶಾಖದ ಬಿಸಿಲು ಶೀಟು ಕಾಯಿಸತೊಡಗಿದಾಗ ಎರಡು ಬಿಲ್ಲೆಗೂ ಬಿಡುವಿಲ್ಲದಂತಾಯಿತು. ಕಾರ್ಡಿನಲ್ಲಿ ಎರಡು ಸೊನ್ನೆ, ಆಮೇಲೆ ಮೂರು, ಒಂದೊಂದು ದಿನ ಮತ್ತೆ ಒಂದು. ಅಂಕುಡೊಂಕು ಅಂಕಿಗಳು. ಯಜಮಾನರು ನೋಡಿ “ಈಗ ನಂಬಬಹುದು” ಎಂದರು. ಏಳನೇ ಲೈನಿನವರು ಒಂದೇ ಸೊನ್ನೆಯಲ್ಲಿ ನಿಂತು, ನಮ್ಮ ಮೊಳೆ ಯಾವಾಗ ಎಂದು ದಿನಾ ಜಗಳ ತೆಗೆದರು. ನಾಲ್ಕನೇ ಲೈನಿನಿಂದ ತಪಾಸಣೆಗೆ ಬರುವವರ ಸಾಲು ಸಣ್ಣದಾಯಿತು. ರೇಣುಕವ್ವ ಒಂದು ತಿಂಗಳು ಪೂರ್ತಿ ಬರಲೇ ಇಲ್ಲ. ನಾನೇ ಹುಡುಕಿಕೊಂಡು ಹೋಗಿ ಮಾತಾಡಿಸಿ ಬಂದೆ.

ಒಂದು ಮಧ್ಯಾಹ್ನ ಮುನಿಯಪ್ಪ ಗೇಟಿನಲ್ಲಿ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದ. “ಮೇಡಂ, ಗಿಡ ಬಾಡ್ತಾ ಐತೆ. ಎಲೆಯೆಲ್ಲಾ ಉದುರೋಯ್ತು. ಯಾರ ಕಣ್ಣು ಬಿತ್ತೋ ಏನೋ.”

ನೋಡಿದೆ. ದಾಸವಾಳದಲ್ಲಿ ಎಂಟು ಹತ್ತು ಎಲೆ ಉಳಿದಿದ್ದವು, ಅವೂ ಜೋತುಬಿದ್ದಿದ್ದವು. ಬುಡದ ಮಣ್ಣು ಬಿರುಕು ಬಿಟ್ಟಿತ್ತು. ನಾನು ಅಲ್ಲೇ, ಗೇಟಿನಲ್ಲೇ, ಮುನಿಯಪ್ಪನ ಎರಡೂ ಕೈ ಹಿಡಿದು ಕುಲುಕಿದೆ. ಒಣಗಿದ ಗಿಡ ನೋಡಿ ಈ ಮೇಡಮ್ಮಿಗೆ ಯಾಕೆ ಇಷ್ಟು ಖುಷಿ ಎಂದು ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಪಾಪ ಅನ್ನಿಸಿ ಅದಕ್ಕೆಂದೇ ಒಂದು ಬಕೆಟ್ಟು ತಂದುಕೊಟ್ಟೆ.

ಜೂನ್ ಕೊನೆಗೆ ಎರಡು ದಿನ ಬಾಕಿ ಇರುವಾಗ ಪ್ರಬಂಧ ಒಪ್ಪಿಸಿದೆ. ಮೊದಲ ಸುತ್ತಿನ ಸುಳ್ಳು ಕಾರ್ಡುಗಳ ಬಗ್ಗೆ ಒಂದು ಇಡೀ ಅಧ್ಯಾಯ ಬರೆದಿದ್ದೆ, ದಾಸವಾಳದ ಸಮೇತ. ಮೌಖಿಕ ಪರೀಕ್ಷೆ ಬಂದದ್ದು ಮುಂದಿನ ವರ್ಷದ ಚಳಿಗಾಲದಲ್ಲಿ. ಅಷ್ಟರೊಳಗೆ ಎಲ್ಲ ಲೈನುಗಳ ಟೋಕನ್ನೂ ಹಿಂದಿನ ಬಾಗಿಲಿಗೆ ಹೋಗಿತ್ತು. ಯಾರು ಬೇಕಾದರೂ ಬಂದು ಕೇಳುವ ಪರೀಕ್ಷೆ ಅದು. ರೇಣುಕವ್ವ, ಜಯಮ್ಮ ಅರ್ಧ ದಿನ ರಜ ಹಾಕಿ, ಹಬ್ಬದ ಸೀರೆ ಉಟ್ಟು ಬಂದಿದ್ದರು. ಕೋಟು ತೊಟ್ಟ ಪ್ರೊಫೆಸರುಗಳ ನಡುವೆ, ಮೊದಲ ಸಾಲಿನಲ್ಲೇ ಕೂತರು. ಎಲ್ಲರ ಮುಂದೆಯೂ ಒಂದೊಂದು ನೀರಿನ ಬಾಟಲಿ ಇಟ್ಟಿದ್ದರು. ರೇಣುಕವ್ವ ಅದನ್ನು ತೆಗೆದು ನನಗೆ ತೋರಿಸಿ ಕಣ್ಣು ಹೊಡೆದಳು, ಮತ್ತು ಪೂರ್ತಿ ಕುಡಿದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಸು ಮನುಷ್ಯ. “ಮೊದಲನೇ ಸಲ ಸುಳ್ಳು ಬರೆದವರು ಎರಡನೇ ಸಲ ನಿಜ ಬರೆದಿದ್ದಾರೆ ಅಂತ ನಾನು ಹೇಗೆ ನಂಬಲಿ? ನಿಮ್ಮ ಒಂದು ಮೊಳೆಯಿಂದ ಅಂಥಾದ್ದೇನು ಬದಲಾಯ್ತು?” ಎಂದರು. ರಜಗಳ ಪಟ್ಟಿ, ಮೂತ್ರ ಪರೀಕ್ಷೆಯ ಲ್ಯಾಬ್ ವರದಿ ಎಂದು ನಾನು ಶುರು ಮಾಡಿದೆ.

ಅಷ್ಟರಲ್ಲಿ ಮೊದಲ ಸಾಲಿನಿಂದ ರೇಣುಕವ್ವ ಎದ್ದು ನಿಂತಳು. ನನ್ನ ಪರವಾಗಿ ಏನೋ ಹೇಳಲು ಹೊರಟಳು ಎಂದುಕೊಂಡು ನಾನು ಗಾಬರಿಯಾದೆ. ಅವಳು ಏನೂ ಹೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು, ಅಷ್ಟೂ ಪ್ರೊಫೆಸರುಗಳ ಮೊಣಕಾಲು ಸರಿಸಿಕೊಂಡು, ಚಪ್ಪಲಿ ಟಪಟಪ ಸದ್ದು ಮಾಡುತ್ತಾ ಇಡೀ ಹಾಲು ದಾಟಿ ಬಾಗಿಲು ತೆಗೆದು ಹೋದಳು. ಎಲ್ಲರೂ ತಿರುಗಿ ನೋಡಿದರು.

“ಯಾರು ಅವರು? ಎಲ್ಲಿಗೆ ಹೋದರು?” ಎಂದು ಪರೀಕ್ಷಕರು ಹುಬ್ಬು ಗಂಟಿಕ್ಕಿದರು.

“ನಾಲ್ಕನೇ ಲೈನಿನ ರೇಣುಕವ್ವ ಸರ್. ಶೌಚಾಲಯಕ್ಕೆ ಹೋದಳು” ಎಂದೆ. ಪರೀಕ್ಷಕರು ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕುರ್ಚಿಗೆ ಒರಗಿ ಕೂತರು. ನಾನೂ ಪಟ್ಟಿಯನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನೋಡುತ್ತಾ ನಿಂತೆ.

ಐದು ನಿಮಿಷಕ್ಕೆ ಬಾಗಿಲು ತೆರೆಯಿತು. ರೇಣುಕವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಮತ್ತೆ ಎಲ್ಲರ ಮೊಣಕಾಲು ಸರಿಸಿ, ತನ್ನ ಕುರ್ಚಿಯಲ್ಲಿ ಕೂತಳು. ಹಾಲಿಗೆ ಹಾಲೇ ತನ್ನನ್ನು ನೋಡುತ್ತಿರುವುದು ಆಗ ಅವಳ ಗಮನಕ್ಕೆ ಬಂತು.

“ಹೂಂ, ಯಾಕ ನಿಂತ್ರಿ? ಮುಂದ ಹೇಳ್ರಿ ಸಿಸ್ಟರ್” ಎಂದಳು.